ಕೆಜಿಎಫ್ ಗಣಿ ಜಾಗದಲ್ಲಿ ಪಾರ್ಕ್ ಕೇಳುವುದಾದರೆ, ಯಾವ ಜಾಗ ಕೇಳೋಣ?

ಬೆಳಗಿನ ಸ್ವರ್ಣ:
ಎಲ್ಲರಿಗೂ ನಮಸ್ಕಾರ. ನಾನು ಕೆಜಿಎಫ್‌ನ ಊರಿಗಾಂ ಕಡೆಯವನು. ದಿನಾ ರೈಲು ಹಿಡಿದು ಬೆಂಗಳೂರಿಗೆ ಹೋಗಿ ಬರುವವರಲ್ಲಿ ನಾನೂ ಒಬ್ಬ. ನಮ್ಮ ಬೋಗಿಯಲ್ಲಿ ಸ್ವಲ್ಪ ದಿನದಿಂದ ಇದೇ ಮಾತು. ಬೆಂಗಳೂರಿನಲ್ಲಿ ನಾವು ಕೆಲಸ ಮಾಡುವ ಕಡೆಯೆಲ್ಲ ಒಂದು ಪಾರ್ಕ್ ಇದೆ, ವಯಸ್ಸಾದವರು ಕೂರುತ್ತಾರೆ, ಮಕ್ಕಳು ಆಡುತ್ತಾರೆ. ನಮ್ಮೂರಲ್ಲಿ ಚಿನ್ನದ ಗಣಿ ಮುಚ್ಚಿದ್ದು 2001ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಸಾವಿರಾರು ಎಕರೆ ಸುಮ್ನೆ ಬಿದ್ದಿದೆ, ಆದರೆ ಸಂಜೆ ಹೊತ್ತು ಮನೆಯವರನ್ನು ಕರೆದುಕೊಂಡು ಹೋಗಿ ಕೂರೋಣ ಅಂದರೆ ನೆರಳಿಲ್ಲ.

ಒಂದು ಮನವಿ ಬರೆದು ಶಾಸಕರಿಗೂ ಜಿಲ್ಲಾಧಿಕಾರಿಗೂ ಕೊಡೋಣ ಅಂತ ಇದ್ದೇವೆ. ನನ್ನ ಆಸೆ ಹೇಳಿಬಿಡುತ್ತೇನೆ. ಸೈನೈಡ್ ಗುಡ್ಡದ ಮೇಲೆ ಗಿಡ ಬೆಳೆಸಿ, ಹತ್ತುವುದಕ್ಕೆ ಮೆಟ್ಟಿಲು ಮಾಡಿ, ತುದಿಯಲ್ಲಿ ಒಂದು ಮಂಟಪ ಕಟ್ಟಿದರೆ ಇಡೀ ಊರು ಕಾಣುತ್ತದೆ. ಸಿನಿಮಾದವರೇ ಬಂದು ಶೂಟಿಂಗ್ ಮಾಡುವ ಜಾಗ ಅದು. ಏನಂತೀರಿ?

ರೀಫ್ಸ್ ಹುಡುಗ:
ಸೂಪರ್ ಅಣ್ಣ. ನಾವೆಲ್ಲ ಗೋಣಿಚೀಲದ ಮೇಲೆ ಕೂತು ಅಲ್ಲಿಂದ ಜಾರಿದವರೇ. ನನ್ನ ಸಹಿ ಮೊದಲು ಹಾಕಿಕೊಳ್ಳಿ.

ಶಿಫ್ಟ್ ಮುಗಿದವರು:
ತಮ್ಮಾ, ಆಸೆ ಒಳ್ಳೆಯದೇ. ಆದರೆ ಜಾಗ ಸರಿಯಿಲ್ಲ. ನಾನು ಅಂಡರ್‌ಗ್ರೌಂಡ್‌ನಲ್ಲಿ ಇದ್ದವನು, ಕೊನೆಗೆ ಸ್ವಲ್ಪ ಕಾಲ ಮಿಲ್ಲಿನಲ್ಲೂ ಕೆಲಸ ಮಾಡಿದ್ದೇನೆ. ಆ ಗುಡ್ಡ ದೇವರು ಮಾಡಿದ್ದಲ್ಲ, ನಾವು ಮಾಡಿದ್ದು. ಕೆಳಗಿನಿಂದ ಬಂದ ಕಲ್ಲನ್ನು ಮಿಲ್ಲಿನಲ್ಲಿ ಹಿಟ್ಟಿನಂತೆ ಅರೆಯುತ್ತಿದ್ದೆವು. ಅದಕ್ಕೆ ಸೈನೈಡ್ ನೀರು ಸೇರಿಸಿದರೆ ಚಿನ್ನ ಕರಗಿ ನೀರಿಗೆ ಬರುತ್ತದೆ. ಉಳಿದ ರಾಡಿಯನ್ನು ಪೈಪಿನಲ್ಲಿ ತಂದು ಸುರಿಯುವುದು. ನೂರು ವರ್ಷ ಸುರಿದರೆ ಎಷ್ಟಾಗಬೇಡ! ಅಂಥ 13 ಡಂಪ್ ಇವೆ, ಒಟ್ಟು ಸುಮಾರು 3.3 ಕೋಟಿ ಟನ್.

ಅದು ಮಣ್ಣಲ್ಲ. ಬೇರು ಹಿಡಿಯುವುದಿಲ್ಲ, ನೀರು ನಿಲ್ಲುವುದಿಲ್ಲ. ಮಳೆ ಬಂದರೆ ಕೊರಕಲು ಬೀಳುತ್ತದೆ, ಬೇಸಿಗೆಯಲ್ಲಿ ಗಾಳಿಗೆ ಏಳುತ್ತದೆ. ಎಷ್ಟೋ ಜನ ಮೈನಿಂಗ್‌ನವರು ಎದೆಯಲ್ಲಿ ಕಲ್ಲಿನ ಧೂಳು ತುಂಬಿಕೊಂಡೇ ಹೋದರು. ಸಿಲಿಕೋಸಿಸ್ ಅಂದರೆ ಏನು ಅಂತ ನಮ್ಮ ಲೈನಿನಲ್ಲಿ, ಗಣಿ ಕೆಲಸಗಾರರ ಸಾಲುಮನೆಗಳಲ್ಲಿ, ಯಾವ ಮನೆಗೂ ಹೇಳಿಕೊಡಬೇಕಾಗಿಲ್ಲ. ಈಗ ಮಕ್ಕಳನ್ನು ಅದೇ ಧೂಳಿನ ಮೇಲೆ ಆಡಲು ಕಳಿಸುವುದಾ?

ಎರಡು ಮಕ್ಕಳ ಅಮ್ಮ:
ಸಾರ್ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಮನೆ ಗುಡ್ಡದ ಗಾಳಿ ಬೀಸುವ ಕಡೆಗೇ ಇದೆ. ಆಷಾಢ ಬಂತು ಅಂದರೆ ಕಿಟಕಿಗೆ ಒದ್ದೆ ಬಟ್ಟೆ ಕಟ್ಟುತ್ತೇನೆ. ಬೆಳಿಗ್ಗೆ ಒರೆಸಿದ ಕೊಡದ ಮುಚ್ಚಳದ ಮೇಲೆ ಮಧ್ಯಾಹ್ನಕ್ಕೆ ಬೆರಳಲ್ಲಿ ಹೆಸರು ಬರೆಯಬಹುದು. ತೊಳೆದು ಒಣಹಾಕಿದ ಯೂನಿಫಾರಂ ಮತ್ತೆ ಕೊಡವಿಯೇ ಮಡಚಬೇಕು. ಪಾರ್ಕ್ ಆಮೇಲೆ, ಮೊದಲು ಆ ಧೂಳು ನಿಲ್ಲಿಸಿ ಅಂತ ಬರೆಯಿರಿ.

ಬೆಳಗಿನ ಸ್ವರ್ಣ:
ಆದರೆ ಸಾರ್, ಸೈನೈಡ್ ಇಷ್ಟು ವರ್ಷ ಇರುತ್ತಾ? ಬಿಸಿಲಿಗೆ ಹೋಗಿಬಿಡುತ್ತದೆ ಅಂತ ಎಲ್ಲರೂ ಹೇಳುತ್ತಾರಲ್ಲ.

ತಂಗಡಿ ಹೂ:
ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳುವವಳು, ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡಬೇಕು.

ಬಿಡಿ ಸೈನೈಡ್ ಬಿಸಿಲು, ಗಾಳಿಗೆ ಒಡೆದುಹೋಗುತ್ತದೆ, ನಿಜ. ಕಬ್ಬಿಣದ ಜೊತೆ ಸೇರಿಕೊಂಡಿರುವುದು ಅಷ್ಟು ಬೇಗ ಹೋಗುವುದಿಲ್ಲ. ಆದರೆ ಗುಡ್ಡಕ್ಕೆ ಆ ಹೆಸರು ಬಿದ್ದದ್ದರಿಂದ ಎಲ್ಲರೂ ಸೈನೈಡ್ ಒಂದನ್ನೇ ನೋಡುತ್ತಾರೆ. ನನಗೆ ಜಾಸ್ತಿ ಚಿಂತೆ ಇರುವುದು ಬೇರೆಯದರ ಬಗ್ಗೆ. ನಮ್ಮ ಅದಿರಿನಲ್ಲಿ ಗಂಧಕ ಸೇರಿದ ಖನಿಜಗಳಿವೆ, ಕೆಲವು ಪಟ್ಟೆಗಳಲ್ಲಿ ಆರ್ಸೆನಿಕ್ ಇರುವ ಖನಿಜವೂ ಇದೆ. ಆರ್ಸೆನಿಕ್ ಒಂದು ಮೂಲಧಾತು. ಅದು ಒಡೆಯುವುದಿಲ್ಲ, ಆರುವುದಿಲ್ಲ, ನೂರು ವರ್ಷ ಕಾದರೂ ಅಲ್ಲೇ ಇರುತ್ತದೆ. ಗಂಧಕ ಗಾಳಿ, ನೀರು ತಾಗಿ ಆಮ್ಲವಾದರೆ ಅದು ಲೋಹಗಳನ್ನು ಇನ್ನಷ್ಟು ಸಡಿಲ ಮಾಡಿ ಕೆಳಗಿನ ಹಳ್ಳಕ್ಕೆ ಇಳಿಸುತ್ತದೆ.

ಹಾಗಂತ ಡಂಪ್ ಮೇಲೆ ಏನೂ ಬೆಳೆಯದು ಅಂತಲ್ಲ. ಮೊದಲು ಇಳಿಜಾರು ತಗ್ಗಿಸಬೇಕು. ಮಣ್ಣು ಪರೀಕ್ಷೆ ಮಾಡಿ ಹುಳಿ ಇದ್ದ ಕಡೆ ಸುಣ್ಣ ಬೆರೆಸಬೇಕು. ಅದರ ಮೇಲೆ ಜಲ್ಲಿ ಪದರ. ಜಲ್ಲಿ ಇಲ್ಲದಿದ್ದರೆ ಕೆಳಗಿನ ಉಪ್ಪು ಬೇಸಿಗೆಯಲ್ಲಿ ಮೇಲಕ್ಕೆ ಹತ್ತುತ್ತದೆ. ಆಮೇಲೆ ಒಂದೆರಡು ಅಡಿ ಒಳ್ಳೆಯ ಮಣ್ಣು. ಇಳಿಜಾರಿಗೆ ಲಾವಂಚ ಚೆನ್ನಾಗಿ ಹಿಡಿಯುತ್ತದೆ. ಬೇರು ಆಳಕ್ಕೆ ಹೋಗುತ್ತದೆ, ಲೋಹ ಇರುವ ಮಣ್ಣನ್ನೂ ತಡೆದುಕೊಳ್ಳುತ್ತದೆ. ಆದರೆ ಇದೆಲ್ಲ ಧೂಳು ಕಟ್ಟಿಹಾಕುವ ಕೆಲಸ, ಪಾರ್ಕ್ ಕೆಲಸ ಅಲ್ಲ. ಹಾಗೆ ಮುಚ್ಚಿದ ಗುಡ್ಡಕ್ಕೆ ಬೇಲಿ ಹಾಕಿ ದೂರದಿಂದ ನೋಡಬೇಕು. ಮಕ್ಕಳು ಮಣ್ಣು ಕೆದಕುವ ಜಾಗ ಅಲ್ಲ, ಸೀತಾಫಲ ಕಿತ್ತು ತಿನ್ನುವ ಜಾಗವಂತೂ ಅಲ್ಲವೇ ಅಲ್ಲ.

ಕೋರ್ಟು ಕಾಗದ:
ಮೇಡಂ ವಿಜ್ಞಾನ ಹೇಳಿದರು, ನಾನು ಕಾಗದದ ವಿಷಯ ಹೇಳುತ್ತೇನೆ. ಈ ಡಂಪ್‌ಗಳಲ್ಲಿ ಇನ್ನೂ ಚಿನ್ನ ಇದೆ. ಟನ್‌ಗೆ ಒಂದು ಗ್ರಾಂಗಿಂತ ಕಮ್ಮಿ, ಆದರೆ ಇಷ್ಟು ಕೋಟಿ ಟನ್ ಅಂದಾಗ ಲೆಕ್ಕ ಬೇರೆ. 2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿದೆ. ಸಾವಿರ ಎಕರೆಗೂ ಜಾಸ್ತಿ ಜಾಗದಲ್ಲಿರುವ 13 ಡಂಪ್‌ಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವ ಅದು. ಅಂದರೆ ನೀವು ಇವತ್ತು ಮೆಟ್ಟಿಲು ಕಟ್ಟಿ ಮಂಟಪ ಮಾಡಿದರೆ ನಾಳೆ ಜೆಸಿಬಿ ಬಂದು ಅಗೆದುಕೊಂಡು ಹೋಗುತ್ತದೆ. ಮನವಿಯ ಮೊದಲ ಸಾಲಿನಲ್ಲೇ ಸೈನೈಡ್ ಗುಡ್ಡ ಅಂತ ಬರೆದರೆ ಅರ್ಜಿ ಅಲ್ಲೇ ಸತ್ತಿತು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗಣಿ ಮುಚ್ಚುವವರು ಜಾಗವನ್ನು ಸರಿಮಾಡಿ ಬಿಟ್ಟುಹೋಗಬೇಕು, ಅದಕ್ಕೆ ಮುಂಚೆಯೇ ಯೋಜನೆ ಕೊಟ್ಟು ಹಣದ ಭದ್ರತೆ ಇಡಬೇಕು ಅನ್ನುವ ನಿಯಮ ನಮ್ಮ ದೇಶದಲ್ಲಿ ಬಂದದ್ದು 2003ರಲ್ಲಿ. ನಮ್ಮ ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಎರಡು ವರ್ಷದಲ್ಲಿ ತಪ್ಪಿಹೋಯಿತು. ಆದರೆ ಈಗ ಹೊಸದಾಗಿ ಡಂಪ್ ಕೆಲಸ ಶುರುವಾದರೆ ಅದಕ್ಕೆ ಹೊಸ ನಿಯಮವೇ. ಗಣಿ ಮುಗಿದ ಜಾಗದಲ್ಲಿ ಮತ್ತೆ ಹುಲ್ಲು ಬೆಳೆಸಿಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ನಾವು ಕೇಳಬೇಕಾದ್ದು ಇದನ್ನು: ಚಿನ್ನ ತೆಗೆದ ಮೇಲೆ ಉಳಿಯುವ ರಾಡಿಯನ್ನು ಎಲ್ಲಿ ಹಾಕುತ್ತೀರಿ, ಹೇಗೆ ಮುಚ್ಚುತ್ತೀರಿ, ಯಾವ ವರ್ಷದೊಳಗೆ? ಈಗಲೇ ಬರೆಸಿಕೊಳ್ಳದಿದ್ದರೆ ಮೊಮ್ಮಕ್ಕಳೂ ಕಿಟಕಿಗೆ ಒದ್ದೆ ಬಟ್ಟೆ ಕಟ್ಟಬೇಕಾಗುತ್ತದೆ.

ರೀಫ್ಸ್ ಹುಡುಗ:
ಹೋಗಲಿ ಬಿಡಿ, ಡಂಪ್ ಬೇಡ. ಮೈನ್ ಪಕ್ಕ ಖಾಲಿ ಜಾಗ ಇದೆಯಲ್ಲ, ಜಾಲಿ ಬೆಳೆದು ನಿಂತಿರುವುದು. ಅದನ್ನೇ ಸವರಿ ಸಮ ಮಾಡಿದರಾಯಿತು.

ಶಿಫ್ಟ್ ಮುಗಿದವರು:
ಮಗಾ, ಖಾಲಿ ಅಂತ ಕಾಣುವುದು ಮೇಲೆ. ಕೆಳಗೆ ಖಾಲಿ ಇದೆಯೋ ಇಲ್ಲವೋ ಅದನ್ನು ನೋಡು. ಚಾಂಪಿಯನ್ ರೀಫ್ ಮೈನ್ ಮೂರು ಕಿಲೋಮೀಟರ್‌ಗೂ ಆಳ. ಅಷ್ಟು ಆಳದ್ದು ಮೇಲಿನವರಿಗೆ ಅಷ್ಟು ತೊಂದರೆ ಕೊಡುವುದಿಲ್ಲ. ತೊಂದರೆ ಇರುವುದು ಮೇಲ್ಮಟ್ಟದ ಹಳೇ ಕೆಲಸದಲ್ಲಿ. ಬ್ರಿಟಿಷರಿಗಿಂತ ಮುಂಚೆಯೇ ಇಲ್ಲಿ ಅಗೆದವರಿದ್ದಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಬಂದಾಗ ಆ ಹಳೇ ಗುಂಡಿಗಳ ಜಾಡು ಹಿಡಿದೇ ಕೆಳಗಿಳಿದದ್ದು. ರೀಫ್, ಅಂದರೆ ಚಿನ್ನ ಇರುವ ಕಲ್ಲಿನ ಪದರ, ಹಾದುಹೋಗುವ ಆ ಪಟ್ಟಿಯ ಮೇಲೆ ಮಳೆಗಾಲದಲ್ಲಿ ನೆಲ ಕುಸಿಯಬಹುದು. ಈಗ ಪಂಪ್ ನಿಂತು ಒಳಗೆಲ್ಲ ನೀರು ತುಂಬಿದೆ. ಏರ್ ಬ್ಲಾಸ್ಟ್ ಆದಾಗ, ಅಂದರೆ ಒತ್ತಡಕ್ಕೆ ಒಳಗಿನ ಬಂಡೆ ಸಿಡಿದಾಗ, ಮೇಲೆ ಪಾತ್ರೆ ಅಲ್ಲಾಡುತ್ತಿದ್ದ ಕಾಲ ನಿಮಗೆ ಗೊತ್ತಿಲ್ಲ, ನಮಗೆ ಗೊತ್ತು.

ಆದ್ದರಿಂದ ಮೈನ್ ಪ್ಲಾನ್, ಅಂದರೆ ಗಣಿಯ ನಕ್ಷೆ, ಇಟ್ಟುಕೊಂಡು ಯಾವುದು ಗಟ್ಟಿ ನೆಲ ಅಂತ ಗುರುತು ಮಾಡದೆ ಒಂದು ಬೆಂಚು ಕೂಡ ಹಾಕಬಾರದು. ಆಫೀಸು, ಬಂಗಲೆ, ಕ್ಲಬ್ ಇದ್ದ ಕಡೆ ನೆಲ ಗಟ್ಟಿ. ಮರವೂ ಇದೆ. ನೂರು ವರ್ಷದ ಮಳೆಮರದ ನೆರಳು ಬಿಟ್ಟು ಹೊಸದಾಗಿ ಸಸಿ ನೆಡುತ್ತೇನೆ ಅನ್ನುವವರನ್ನು ಏನನ್ನಬೇಕೋ.

ಟೇಕಲ್ ಕಲ್ಲು:
ನಾನು ಮಾಲೂರು ತಾಲ್ಲೂಕಿನವನು, ನಡುವೆ ಬಾಯಿ ಹಾಕುತ್ತಿದ್ದೇನೆ. ನಿಮಗೆ ಗುಡ್ಡದ ಕಷ್ಟ, ನಮಗೆ ಹೊಂಡದ ಕಷ್ಟ. ಕ್ವಾರಿಯವರು ಕಲ್ಲು ತೆಗೆದು ಹೋದ ಮೇಲೆ ಹೊಂಡದಲ್ಲಿ ನೀರು ನಿಲ್ಲುತ್ತದೆ. ನೋಡುವುದಕ್ಕೆ ಚೆಂದ, ಹಸಿರು ನೀರು. ಆದರೆ ದಡವೇ ಇಲ್ಲ. ಕೆರೆಯಲ್ಲಿ ಕಾಲಿಟ್ಟರೆ ಮೊದಲು ಮೊಣಕಾಲು, ಆಮೇಲೆ ಸೊಂಟ. ಇಲ್ಲಿ ಒಂದು ಹೆಜ್ಜೆ ಇಟ್ಟರೆ ನೇರ ತಳ. ಇಳಿದ ಹುಡುಗ ಹಿಡಿದು ಹತ್ತುವುದಕ್ಕೆ ಒಂದು ಚಾಚು ಕೂಡ ಇಲ್ಲ. ಯಾರೋ ಇದನ್ನೇ ಬೋಟಿಂಗ್ ಪಾರ್ಕ್ ಮಾಡೋಣ ಅಂದಾಗ ನಾನು ಬೇಡ ಅಂದೆ. ಮಾಡುವುದಾದರೆ ಮೊದಲು ಒಂದು ಕಡೆ ಮಣ್ಣು, ಕಲ್ಲು ತುಂಬಿ ಇಳಿಜಾರು ದಡ ಮಾಡಿ, ಉಳಿದ ಮೂರು ಕಡೆ ಅಂಚಿನಿಂದ ದೂರಕ್ಕೆ ಬೇಲಿ ಹಾಕಿ, ಆಮೇಲೆ ಮುಂದಿನ ಮಾತು.

ಚಿಕ್ಕನಾಯಕನಹಳ್ಳಿ ಮೇಷ್ಟ್ರು:
ತುಮಕೂರು ಜಿಲ್ಲೆಯಿಂದ ಒಂದು ಅನುಭವ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಮೂರೂ ಕಡೆ ಕಬ್ಬಿಣದ ಅದಿರು ಗಣಿ ನಿಲ್ಲಿಸಿತು. ಆಮೇಲೆ ಮತ್ತೆ ಶುರು ಮಾಡಬೇಕಾದರೆ ಪುನಶ್ಚೇತನ ಯೋಜನೆ ಕಡ್ಡಾಯ ಅಂತಾಯಿತು. ಆಗ ನಾವು ಹತ್ತಿರದಿಂದ ನೋಡಿದ್ದು ಏನು ಅಂದರೆ, ಗಿಡ ಎಷ್ಟು ನೆಟ್ಟರು ಅನ್ನುವುದಕ್ಕಿಂತ ನೀರನ್ನು ಹೇಗೆ ಇಳಿಸಿದರು ಅನ್ನುವುದೇ ಮುಖ್ಯ. ಡಂಪ್ ಬುಡಕ್ಕೆ ಕಲ್ಲಿನ ತಡೆಗೋಡೆ, ಕೊರಕಲಿಗೆ ಕಲ್ಲುಕಟ್ಟೆ, ಕೆಳಗೆ ಹೂಳು ನಿಲ್ಲುವ ಗುಂಡಿ. ಇದಿಲ್ಲದೆ ನೆಟ್ಟ ಗಿಡ ಎರಡನೇ ಮಳೆಗೆ ತೋಟದ ಬಾವಿಗೆ ಹೋಗಿ ಸೇರಿತು. ಆ ಗುಂಡಿಯ ಹೂಳು ವರ್ಷಕ್ಕೊಮ್ಮೆ ತೆಗೆಯುವವರು ಯಾರು ಅಂತಲೂ ಮನವಿಯಲ್ಲಿ ಕೇಳಿ.

ಬೆಳಗಿನ ಸ್ವರ್ಣ:
ಎಲ್ಲರೂ ಬೇಡ ಅನ್ನುವುದನ್ನೇ ಹೇಳುತ್ತಿದ್ದೀರಲ್ಲ! ಎಲ್ಲಾದರೂ ಗಣಿ ಜಾಗ ಪಾರ್ಕ್ ಆಗಿ ಚೆನ್ನಾಗಿ ನಡೆದಿದೆಯಾ?

ತಂಗಡಿ ಹೂ:
ಇದೆ, ಬೇಕಾದಷ್ಟಿದೆ. ಇಂಗ್ಲೆಂಡಿನ ಕಾರ್ನ್‌ವಾಲ್ ನಮಗೆ ಹೊಸದಲ್ಲ. ನಮ್ಮ ಗಣಿಗೆ ಬಂದ ಎಷ್ಟೋ ದೊರೆಗಳು ಅಲ್ಲಿಯವರೇ. ಅಲ್ಲಿ ಪಿಂಗಾಣಿ ಮಣ್ಣು ತೆಗೆದು ಬಿಟ್ಟ ಹೊಂಡದಲ್ಲಿ ಈಡನ್ ಪ್ರಾಜೆಕ್ಟ್ ಅಂತ ದೊಡ್ಡ ಸಸ್ಯೋದ್ಯಾನ ಮಾಡಿದ್ದಾರೆ. ತೆರೆದದ್ದು 2001ರಲ್ಲಿ, ನಮ್ಮ ಗಣಿ ಮುಚ್ಚಿದ ವರ್ಷವೇ. ಅಲ್ಲೂ ಮಣ್ಣು ಇರಲಿಲ್ಲ. ಗಣಿಯ ಕಸಕ್ಕೇ ಗೊಬ್ಬರ ಬೆರೆಸಿ 85 ಸಾವಿರ ಟನ್ ಮಣ್ಣು ತಯಾರಿಸಿದರು. ಆದರೆ ಅದು ಕೋಟಿ ಕೋಟಿ ಪೌಂಡಿನ ಆಟ, ನಮಗೆ ಮಾದರಿ ಆಗುವುದಿಲ್ಲ.

ನಮಗೆ ಹೊಂದುವುದು ಜೋಧಪುರದ್ದು. ಕೋಟೆ ಪಕ್ಕದ ಬಂಡೆ ಜಾಗದಲ್ಲಿ ಬಳ್ಳಾರಿ ಜಾಲಿ ತುಂಬಿಹೋಗಿತ್ತು. 2006ರಿಂದ ಅದನ್ನು ತೆಗೆಯಲು ಶುರು ಮಾಡಿದರು. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ ಅಲ್ವಾ? ಅದಕ್ಕೆ ಅಲ್ಲಿಯ ಕಲ್ಲುಗಣಿ ಕೆಲಸಗಾರರನ್ನೇ ಕರೆಸಿದರು. ಅವರು ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ, ಶಬ್ದ ಕೇಳಿ, ಎಲ್ಲಿ ಒಡೆಯಬೇಕು ಅಂತ ಗೊತ್ತುಮಾಡಿ ಬೇರು ಸಮೇತ ಕಿತ್ತರು. ಆ ಗುಂಡಿಗಳಲ್ಲೇ ಮರುಭೂಮಿಯ ನಾಟಿ ಗಿಡ ನೆಟ್ಟರು. ಈಗ ಅದು ರಾವ್ ಜೋಧಾ ಪಾರ್ಕ್. ಗುರುಗ್ರಾಮದ ಅರಾವಳಿ ಜೀವವೈವಿಧ್ಯ ಪಾರ್ಕ್ ಕೂಡ ಹಳೇ ಗಣಿ ಜಾಗವೇ. ಸುಮಾರು 390 ಎಕರೆ. ಕೆಲಸ ಶುರುವಾದದ್ದು 2010ರಲ್ಲಿ, ನಾಟಿ ಮರಗಳ ಕಾಡೇ ಬೆಳೆದಿದೆ. ನಾಗಪುರದ ಹತ್ತಿರ ಸಾವ್ನೇರ್ ಅಂತಿದೆ, ಅಲ್ಲಿ ಕಲ್ಲಿದ್ದಲು ಗಣಿ ಪಕ್ಕದ ಪಾರ್ಕ್‌ಗೆ ಬಂದವರನ್ನು ಗಣಿ ಒಳಗೂ ಕರೆದುಕೊಂಡು ಹೋಗಿ ತೋರಿಸುತ್ತಾರೆ.

ಇವುಗಳಲ್ಲಿ ಯಾವುದರಲ್ಲೂ ಲಾನ್ ಮುಖ್ಯ ಅಲ್ಲ ನೋಡಿ. ನಮ್ಮ ಮಳೆ ಏಳೆಂಟು ನೂರು ಮಿಲಿಮೀಟರ್. ಲಾನ್ ಹಾಕಿದರೆ ಟ್ಯಾಂಕರ್ ಬೇಕು. ತಂಗಡಿ, ಬಂದರಿಕೆ, ಹೊಂಗೆ, ಬೇವು, ಆಲ, ಅತ್ತಿ ಹಾಕಿ. ನೀಲಗಿರಿ ಮಾತ್ರ ಬೇಡಪ್ಪಾ, ಕೋಲಾರ ಜಿಲ್ಲೆ ಅದರಿಂದ ಅನುಭವಿಸಿದ್ದು ಸಾಕು.

ರೀಫ್ಸ್ ಹುಡುಗ:
ಟ್ಯಾಂಕರ್ ಯಾಕೆ, ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಬಿಡುವ ಕೆಸಿ ವ್ಯಾಲಿ ನೀರು ಕೋಲಾರದ ಕೆರೆಗಳಿಗೆ ಬರುತ್ತಿದೆಯಲ್ಲ 2018ರಿಂದ. ಒಂದು ಪೈಪ್ ಈ ಕಡೆ ತಿರುಗಿಸಿದರೆ?

ಟೇಕಲ್ ಕಲ್ಲು:
ಆ ನೀರನ್ನು ಎರಡು ಹಂತ ಮಾತ್ರ ಶುದ್ಧಮಾಡಿ ಬಿಡುತ್ತಾರೆ, ಮೂರನೇ ಹಂತ ಮಾಡಿ ಅಂತ ರೈತರು ಕೂಗುತ್ತಲೇ ಇದ್ದಾರೆ. ಮಕ್ಕಳಾಡುವ ಕಡೆ ಸ್ಪ್ರಿಂಕ್ಲರ್‌ನಲ್ಲಿ ಬೇಡ. ಮರದ ಬುಡಕ್ಕೆ ಹನಿಯಾಗಿ ಬಿಟ್ಟರೆ ನನ್ನ ತಕರಾರಿಲ್ಲ.

ತಂಗಡಿ ಹೂ:
ಅದೂ ಗಟ್ಟಿ ನೆಲದಲ್ಲಿ ಮಾತ್ರ. ಡಂಪ್ ಹತ್ತಿರ ನೀರು ಬಿಟ್ಟರೆ ಒಳಗಿನದನ್ನು ತೊಳೆದು ಹಳ್ಳಕ್ಕೆ ಕಳಿಸಿದ ಹಾಗೆ.

ಕ್ವಾರ್ಟರ್ಸ್ ಅಕ್ಕ:
ಇಷ್ಟು ಹೊತ್ತು ಓದುತ್ತಿದ್ದೆ. ಯಾರೂ ನಮ್ಮ ಮಾತೆತ್ತಲಿಲ್ಲ. ಗಣಿ ಲೈನಿನ ಮನೆಗಳಲ್ಲಿ ಇನ್ನೂ ನಾವು ಇದ್ದೇವೆ. ತಟ್ಟಿ ಮನೆ ಕಾಲದಿಂದ ಇದ್ದವರು ನಮ್ಮ ತಾತಂದಿರು. ಪಾರ್ಕ್ ಅಂತ ಹೇಳಿ ಅಳತೆಗೆ ಬರುತ್ತಾರೆ, ಆಮೇಲೆ ಈ ಮನೆ ನಕ್ಷೆಯಲ್ಲಿ ಇಲ್ಲ ಅನ್ನುತ್ತಾರೆ. ಗೇಟು ಹಾಕಿ ಟಿಕೆಟ್ ಇಡುತ್ತಾರೆ. ಬೆಂಗಳೂರಿನ ಕಾರುಗಳು ಬರುತ್ತವೆ, ನಮ್ಮ ಹೆಂಗಸರು ಕಸ ಗುಡಿಸುತ್ತಾರೆ. ಇದಾದರೆ ನನ್ನ ಸಹಿ ಇಲ್ಲ.

ಬೆಳಗಿನ ಸ್ವರ್ಣ:
ಅಕ್ಕಾ, ಟಿಕೆಟ್ ಇಲ್ಲ ಅಂತ ಬರೆಯೋಣ. ನಾವು ಕೇಳುತ್ತಿರುವುದು ಊರಿನವರಿಗೆ.

ಕ್ವಾರ್ಟರ್ಸ್ ಅಕ್ಕ:
ಬಾಯಲ್ಲಿ ಹೇಳಿದರೆ ಸಾಲದು. ಯಾವ ಲೈನೂ ಎಬ್ಬಿಸುವುದಿಲ್ಲ, ನಾವು ಓಡಾಡುವ ಕಾಲುದಾರಿ ಮುಚ್ಚುವುದಿಲ್ಲ ಅಂತ ಸ್ಪಷ್ಟವಾಗಿ ಇರಲಿ. ಹೆಂಗಸರಿಗೆ ಒಂದು ಶೌಚಾಲಯ, ಅದಕ್ಕೆ ನೀರು, ಸಂಜೆ ಲೈಟು. ಹೂವಿನ ಗಿಡ ಆಮೇಲೆ.

ಕೋರ್ಟು ಕಾಗದ:
ಅಕ್ಕ ಹೇಳಿದ್ದನ್ನು ಮೊದಲ ಷರತ್ತಾಗಿ ಹಾಕಿ. ಈ ಜಾಗ ಗಣಿ ಕಂಪನಿಯದು, ಅದು ಕೇಂದ್ರದ ಕೈಯಲ್ಲಿದೆ. ಡಿಸಿಗೆ ಮಾತ್ರ ಕೊಟ್ಟರೆ ನಮ್ಮ ಕೈಯಲ್ಲಿಲ್ಲ ಅಂದುಬಿಡುತ್ತಾರೆ. ಮನವಿಯ ಒಂದು ಪ್ರತಿ ಕೇಂದ್ರದ ಗಣಿ ಸಚಿವಾಲಯಕ್ಕೂ ಹೋಗಬೇಕು. ಹಣ ಎಲ್ಲಿಂದ ಅಂದರೆ, ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಇದೆ. ಗಣಿ, ಕ್ವಾರಿಯವರು ಕಟ್ಟುವ ಹಣ ಅದು. ಗಣಿಯಿಂದ ಕಷ್ಟಪಟ್ಟ ಊರಿಗೆ ಕುಡಿಯುವ ನೀರು, ಆರೋಗ್ಯ, ಪರಿಸರ ಇವಕ್ಕೆ ಮೊದಲು ಖರ್ಚು ಮಾಡಬೇಕು ಅಂತ ನಿಯಮದಲ್ಲೇ ಇದೆ. ಧೂಳು ತಡೆಯುವ ಕೆಲಸ ಅಂತ ಕೇಳಿದರೆ ಸಿಗುವ ಸಾಧ್ಯತೆ ಜಾಸ್ತಿ, ಸಂಗೀತ ಕಾರಂಜಿ ಅಂತ ಕೇಳಿದರೆ ಕಮ್ಮಿ. ಕಾರಂಜಿ ಉದ್ಘಾಟನೆ ದಿನ ಹಾಡಿ ಆಮೇಲೆ ಸೊಳ್ಳೆ ಸಾಕುವುದನ್ನು ಬೇಕಾದಷ್ಟು ಊರಲ್ಲಿ ನೋಡಿದ್ದೇವೆ.

ಶಿಫ್ಟ್ ಮುಗಿದವರು:
ನನ್ನದೂ ಒಂದು ಷರತ್ತು. ಗಿಫರ್ಡ್ ಶಾಫ್ಟ್‌ನಂಥ ಗಣಿಬಾವಿಯ ಕಡೆ, ಅದರ ಮೇಲೆ ನಿಂತಿರುವ ಕಬ್ಬಿಣದ ಗೋಪುರಕ್ಕೆ, ಅದೇ ಹೆಡ್‌ಗಿಯರ್‌ಗೆ, ಸುಮ್ನೆ ಬಣ್ಣ ಬಳಿದು ಸೆಲ್ಫಿ ಪಾಯಿಂಟ್ ಮಾಡಬೇಡಿ. ಗಂಟೆ ಎಷ್ಟು ಸಲ ಹೊಡೆದರೆ ವೈಂಡರ್ ಡ್ರೈವರು ಜನರನ್ನು ಇಳಿಸಿ ಏರಿಸುವ ಕೇಜ್ ಎತ್ತುತ್ತಿದ್ದ, ಯಾವ ಲೆವೆಲ್‌ನಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತಿತ್ತು, ಇದನ್ನು ಹೇಳುವವರು ಇನ್ನೂ ಬದುಕಿದ್ದಾರೆ. ಅವರಿಗೇ ಗೈಡ್ ಕೆಲಸ ಕೊಡಿ, ಸಂಬಳ ಕೊಡಿ. 1902ರಲ್ಲಿ ಶಿವನಸಮುದ್ರದಿಂದ ಕರೆಂಟು ಬಂದದ್ದು ಈ ಗಣಿಗೆ. 1965ರಲ್ಲಿ ವಿಜ್ಞಾನಿಗಳು ನಮ್ಮ ಗಣಿ ಆಳದಲ್ಲಿ ಉಪಕರಣ ಇಟ್ಟು ನ್ಯೂಟ್ರಿನೋ ಅನ್ನುವ ಅತಿ ಸೂಕ್ಷ್ಮ ಕಣವನ್ನು ಹಿಡಿದರು. ಇದನ್ನು ಬೋರ್ಡಿನಲ್ಲಿ ಬರೆಯುವಾಗ ಕನ್ನಡದ ಜೊತೆ ತಮಿಳಲ್ಲೂ ಬರೆಯಿರಿ, ಕೆಲಸ ಮಾಡಿದವರ ಮನೆಮಾತು ಅದು.

ತಂಗಡಿ ಹೂ:
ಹಳೇ ಶಾಫ್ಟ್ ಬಾಯಿಗೆ ಕಾಂಕ್ರೀಟ್ ಸುರಿಯುವ ಮೊದಲು ಒಳಗೆ ಬಾವಲಿ ಇವೆಯಾ ಅಂತಲೂ ನೋಡಿಸಿ. ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿ ಗುಹೆಯಲ್ಲಿ ಇರುವ ಕೋಲಾರದ ಎಲೆಮೂಗಿನ ಬಾವಲಿ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದಕ್ಕೂ ಕಂಟಕ ಬಂದದ್ದು ಕಲ್ಲುಗಣಿಯಿಂದಲೇ. ಬಾವಲಿ ಇದ್ದರೆ ಶಾಫ್ಟ್‌ಗೆ ಅಡ್ಡ ಕಂಬಿಯ ಜಾಲರಿ ಹಾಕಬಹುದು. ಮನುಷ್ಯರು ಬೀಳುವುದಿಲ್ಲ, ಬಾವಲಿ ಓಡಾಡುತ್ತದೆ.

ರೀಫ್ಸ್ ಹುಡುಗ:
ಫುಟ್‌ಬಾಲ್ ಗ್ರೌಂಡ್?

ಎರಡು ಮಕ್ಕಳ ಅಮ್ಮ:
ಗ್ರೌಂಡ್ ಇರಲಿ, ಆದರೆ ಗಾಳಿ ಬರುವ ಕಡೆ ಬೇಡ. ಅಲ್ಲಿ ಮೊದಲು ಹೊಂಗೆ, ಬೇವು ಮೂರ್ನಾಲ್ಕು ಸಾಲು ಎದ್ದು ನಿಲ್ಲಲಿ. ಮತ್ತೆ ಮಣ್ಣು ಪರೀಕ್ಷೆ ಫಲಿತಾಂಶ ಬೋರ್ಡಿನಲ್ಲಿ ಹಾಕಬೇಕು, ಫೈಲಿನಲ್ಲಿ ಅಲ್ಲ.

ಬೆಳಗಿನ ಸ್ವರ್ಣ:
ಸರಿ, ಮಂಟಪದ ಆಸೆ ಬಿಟ್ಟೆ. ಹಳೇ ಆಫೀಸು, ಬಂಗಲೆ ಕಡೆಯ ಗಟ್ಟಿ ನೆಲವನ್ನೇ ಕೇಳೋಣ, ಡಂಪ್ ವಿಷಯ ಬೇರೆ ಅರ್ಜಿ ಮಾಡೋಣ. ಎರಡನ್ನೂ ಸೇರಿಸಿದರೆ ಒಂದರ ನೆಪದಲ್ಲಿ ಇನ್ನೊಂದನ್ನು ತಳ್ಳುತ್ತಾರೆ. ಕ್ವಾರ್ಟರ್ಸ್ ಅಕ್ಕ ಹೇಳಿದ ಷರತ್ತುಗಳನ್ನು ಅವರೇ ಬರೆದು ಕಳಿಸಲಿ, ನಾನು ತಿದ್ದುವುದಿಲ್ಲ. ಮೈನ್ ಪ್ಲಾನಿನ ಹಳೇ ಪ್ರತಿ ಯಾರ ಮನೆಯಲ್ಲಾದರೂ ಇದೆಯಾ?

ಶಿಫ್ಟ್ ಮುಗಿದವರು:
ಪೂರ್ತಿ ಪ್ಲಾನ್ ಇಲ್ಲ. ಸರ್ಫೇಸ್ ನಕ್ಷೆ ಒಂದಿದೆ, ಮಡಿಕೆ ಜಾಗದಲ್ಲಿ ಹರಿದಿದೆ. ಶಾಫ್ಟ್‌ಗಳ ಗುರುತು ಕಾಣುತ್ತದೆ. ಭಾನುವಾರ ಬೆಳಿಗ್ಗೆ ಫೈವ್ ಲೈಟ್ಸ್ ಹತ್ತಿರ ತರುತ್ತೇನೆ. ಜೆರಾಕ್ಸ್ ಮಾಡಿಸಿಕೊಂಡು ಅಲ್ಲೇ ವಾಪಸ್ ಕೊಡಬೇಕು.

ಕ್ವಾರ್ಟರ್ಸ್ ಅಕ್ಕ:
ನಾನೂ ಬರುತ್ತೇನೆ. ನಮ್ಮ ಲೈನು ಆ ನಕ್ಷೆಯಲ್ಲಿ ಇದೆಯಾ ಅಂತ ಮೊದಲು ನೋಡಬೇಕು.